ದೋಸೆ ಹೊಯ್ಯುವವರು ಯಾರು, ಪಾಲು ತೆಗೆಯುವವರು ಯಾರು?

ಹೋಟೆಲು ಧಂದೆಯಲ್ಲಿ ಇತ್ತೀಚೆಗೆ ಒಂದು ಹೊಸ ಮಾತು ಹುಟ್ಟಿಕೊಂಡಿದೆ. ಸಂಬಳ ಏರಿಸಿರೆಂದು ಕೇಳಿದರೆ ಮೊದಲೆಲ್ಲ ಧನಿಗಳು “ವ್ಯಾಪಾರವಿಲ್ಲ” ಎನ್ನುತ್ತಿದ್ದರು. ಈಗ “ಎಲ್ಲ ಆ್ಯಪಿನವರು ಕೊಂಡುಹೋದರು” ಎನ್ನುತ್ತಾರೆ. ಹಿಂದಿನ ಮಾತನ್ನು ನಾವು ಸುಲಭವಾಗಿ ನಂಬುತ್ತಿರಲಿಲ್ಲ. ಎಷ್ಟು ತಟ್ಟೆ ಹೊರಗೆ ಹೋಯಿತೆಂಬುದು ತಟ್ಟೆ ಹೊತ್ತವನಿಗೆ ಗೊತ್ತಿರುತ್ತಿತ್ತು. ಈಗಿನ ಮಾತನ್ನು ನೋಡದೆ ನಂಬಲೂ ಕೂಡದು, ನೋಡದೆ ತಳ್ಳಿಹಾಕಲೂ ಕೂಡದು. ಏಕೆಂದರೆ ಇದರಲ್ಲಿ ಅರ್ಧ ನಿಜವಿದೆ. ಆ ಅರ್ಧ ನಿಜವನ್ನು ನಾವು ತಿಳಿದುಕೊಳ್ಳದಿದ್ದರೆ ಉಳಿದ ಅರ್ಧ ಸುಳ್ಳು ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತದೆ.

ನಾನು ಏಳನೆಯ ತರಗತಿಯವರೆಗೆ ಓದಿದವನು. ಕಪ್ಪು-ಬಸಿ ತೊಳೆಯುವುದರಿಂದ ಹಿಡಿದು ಗಲ್ಲೆಯಲ್ಲಿ ಕೂಡುವವರೆಗೆ ಹೋಟೆಲಿನ ಎಲ್ಲ ಕೆಲಸ ಮಾಡಿ ಈಗ ಸಂಘದ ಕೆಲಸ ನೋಡುತ್ತಿರುವವನು. ದೊಡ್ಡ ಅರ್ಥಶಾಸ್ತ್ರ ನನಗೆ ಬಾರದು. ಕೂಡಿಸುವ ಕಳೆಯುವ ಲೆಕ್ಕ ಬರುತ್ತದೆ. ಅದನ್ನೇ ಮಾಡಿ ನೋಡೋಣ.

ನೂರು ರೂಪಾಯಿಯ ಲೆಕ್ಕ

ಗಿರಾಕಿಯೊಬ್ಬ ಮನೆಯಲ್ಲಿ ಕುಳಿತು ಮೊಬೈಲಿನಿಂದ ರೂ. 100ರ ತಿಂಡಿ ತರಿಸಿದನೆಂದು ಇಟ್ಟುಕೊಳ್ಳಿ. ಆ್ಯಪಿನ ಕಂಪೆನಿ ಶೇಕಡಾ 25 ಕಮಿಶನ್ನು ಹಿಡಿಯಿತೆನ್ನಿ. ಕೆಲವರಿಗೆ ಇದಕ್ಕಿಂತ ಕಡಿಮೆ, ಕೆಲವರಿಗೆ ಹೆಚ್ಚು. ಚೌಕಾಸಿ ಮಾಡುವ ಶಕ್ತಿಯಿರುವ ದೊಡ್ಡ ಹೆಸರಿನವರಿಗೆ ಕಡಿಮೆ, ಎಂಟು ಮೇಜಿನವನಿಗೆ ಹೆಚ್ಚು. ಇದೇ ಇದರ ನ್ಯಾಯ. 25 ರೂಪಾಯಿ ಹೋಯಿತು. ಆ ಕಮಿಶನ್ನಿನ ಮೇಲೆ ಶೇಕಡಾ 18ರಂತೆ ಜಿ.ಎಸ್.ಟಿ. 4 ರೂಪಾಯಿ 50 ಪೈಸೆ. ಬೇರೆ ವ್ಯಾಪಾರಿಯಾದರೆ ತಾನು ಹೀಗೆ ತೆತ್ತ ತೆರಿಗೆಯನ್ನು ಸರಕಾರಕ್ಕೆ ಕಟ್ಟಬೇಕಾದುದರಲ್ಲಿ ಮುರಿದುಕೊಳ್ಳುತ್ತಾನೆ. ಶೇಕಡಾ 5ರ ತೆರಿಗೆಯ ಸಾಮಾನ್ಯ ಹೋಟೆಲಿಗೆ ಆ ಸೌಕರ್ಯವಿಲ್ಲ. ಆದುದರಿಂದ ಹೆಸರಿಗೆ 25 ಆದದ್ದು ಕೈಯಿಂದ ಹೋಗುವಾಗ 29 ರೂಪಾಯಿ 50 ಪೈಸೆ.

ಮುಗಿಯಲಿಲ್ಲ. “ಭಾರೀ ರಿಯಾಯಿತಿ” ಎಂದು ಮೊಬೈಲಿನಲ್ಲಿ ಹೊಳೆಯುತ್ತದಲ್ಲ, ಅದರಲ್ಲಿ ಹೋಟೆಲಿನವನ ಪಾಲು ಒಂದು 10 ರೂಪಾಯಿ ಎಂದು ಹಿಡಿಯಿರಿ. ಹೆಸರು ಮೇಲೆ ಕಾಣಬೇಕಾದರೆ ಜಾಹೀರಾತಿಗೆ 5 ರೂಪಾಯಿ. ಡಬ್ಬಿ, ಚೀಲ, ಚಟ್ನಿಯ ಪೊಟ್ಟಣ 6 ರೂಪಾಯಿ. ಉಳಿದದ್ದು 49 ರೂಪಾಯಿ 50 ಪೈಸೆ. ಇದರಲ್ಲಿ ಅಕ್ಕಿ, ಉದ್ದು, ಎಣ್ಣೆ, ಗ್ಯಾಸು, ಜಾಗದ ಬಾಡಿಗೆ, ಲೈಟಿನ ಬಿಲ್ಲು. ಎಲ್ಲ ಆದಮೇಲೆ ಕೊನೆಯಲ್ಲಿ ನಾವು: ಭಟ್ಟರು, ಕಾವಲಿಯವನು, ವೇಟರು, ಕ್ಲೀನರು. ಅದೇ ದೋಸೆಯನ್ನು ಗಿರಾಕಿ ಹೋಟೆಲಿನ ಮೇಜಿನಲ್ಲಿ ಕುಳಿತು ತಿಂದಿದ್ದರೆ ನೂರಕ್ಕೆ ನೂರೂ ಗಲ್ಲೆಗೆ ಬೀಳುತ್ತಿತ್ತು.

ಹಾಗಾದರೆ ಗಿರಾಕಿಗೆ ಲಾಭವಾಯಿತೇ? ಅವನನ್ನೂ ಬಿಟ್ಟಿಲ್ಲ. ಜೊಮಾಟೊ ಕಂಪೆನಿ 2023ರ ಆಗಸ್ಟಿನಲ್ಲಿ ಪ್ರತಿ ಆರ್ಡರಿಗೆ 2 ರೂಪಾಯಿ “ಪ್ಲಾಟ್‌ಫಾರ್ಮ್ ಫೀ” ಎಂದು ಶುರುಮಾಡಿತು. 2024ರ ಅಕ್ಟೋಬರಿನಲ್ಲಿ ಅದು 10 ರೂಪಾಯಿ ಆಯಿತು. 2025ರ ಸೆಪ್ಟೆಂಬರಿನಲ್ಲಿ 12 ಆಯಿತು. ಎರಡು ವರ್ಷದಲ್ಲಿ ಆರು ಪಟ್ಟು! ಎರಡು ವರ್ಷದಲ್ಲಿ ಆರು ಪಟ್ಟು ಸಂಬಳ ಏರಿದ ಒಬ್ಬ ವೇಟರನನ್ನು ಯಾರಾದರೂ ತೋರಿಸಿಕೊಟ್ಟರೆ ಅವನ ಫೋಟೋವನ್ನು ನಮ್ಮ ಕಚೇರಿಯಲ್ಲಿ ತೂಗುಹಾಕುತ್ತೇನೆ.

ಇನ್ನು ಮಳೆಯಲ್ಲಿ ಬೈಕು ಓಡಿಸಿಕೊಂಡು ಬರುವ ಹುಡುಗ? ಬೈಕು ಅವನದು, ಪೆಟ್ರೋಲು ಅವನದು, ಬಿದ್ದರೆ ಮುರಿಯುವ ಕಾಲೂ ಅವನದೇ.

ಹೊಸ ಜಾಬರು

ಗಿರಣಿಯಲ್ಲಿ ದುಡಿದವರ ಮನೆಗಳಲ್ಲಿ ಜಾಬರನ ಕಥೆ ಇಂದಿಗೂ ಉಳಿದಿದೆ. ಗಿರಣಿಗಳ ಚಿಮಣಿ ತಣ್ಣಗಾಗಿ ಆ ಜಾಗದಲ್ಲಿ ಗಾಜಿನ ಕಟ್ಟಡಗಳು ಎದ್ದಮೇಲೂ ಅಜ್ಜಂದಿರು ಅವನನ್ನು ಮರೆತಿಲ್ಲ. ಗಿರಣಿ ಅವನದಲ್ಲ, ಮಗ್ಗ ಅವನದಲ್ಲ, ಹತ್ತಿ ಅವನದಲ್ಲ. “ಇವನು ಒಳಗೆ, ಅವನು ಹೊರಗೆ” ಎನ್ನುವ ಅಧಿಕಾರ ಮಾತ್ರ ಅವನದು. ಆ ಒಂದೇ ಅಧಿಕಾರವನ್ನು ಹಿಡಿದುಕೊಂಡು ಅವನು ದಸ್ತೂರಿ ತಿನ್ನುತ್ತಿದ್ದ. ಕೆಲಸಕ್ಕೆ ಸೇರಲು ದಸ್ತೂರಿ, ಕೆಲಸದಲ್ಲಿ ಉಳಿಯಲು ದಸ್ತೂರಿ. ಬೆಳಿಗ್ಗೆ ಗೇಟಿನ ಮುಂದೆ ನಿಂತ ಬದಲಿ ಕಾಮಗಾರರಲ್ಲಿ ಯಾರನ್ನು ಮೊದಲು ಕರೆಯಬೇಕೆಂಬುದು ಅವನ ಮರ್ಜಿ.

ಈಗಿನ ಆ್ಯಪನ್ನು ನೋಡಿ. ಒಲೆ ಅದರದಲ್ಲ, ಕಾವಲಿ ಅದರದಲ್ಲ, ಬೈಕೂ ಅದರದಲ್ಲ. ಪಟ್ಟಿ ಮಾತ್ರ ಅದರದು. ಮೊಬೈಲು ತೆರೆದರೆ ಯಾವ ಹೋಟೆಲಿನ ಹೆಸರು ಮೊದಲು, ಯಾವುದು ಬೆರಳು ನೋಯುವಷ್ಟು ಕೆಳಗೆ ಎಂಬುದನ್ನು ನಿರ್ಣಯಿಸುವ ಅಧಿಕಾರ ಅದರದು. ಹಣ ಕಟ್ಟಿದರೆ ಮೇಲೆ ಬರಬಹುದು. ಆದರೆ ಪಕ್ಕದ ಹೋಟೆಲಿನವನೂ ಹಣ ಕಟ್ಟುತ್ತಾನೆ. ಆಗ ಇಬ್ಬರೂ ಮತ್ತೆ ಮೊದಲಿನ ಜಾಗದಲ್ಲಿಯೇ ನಿಂತಿರುತ್ತಾರೆ. ಇಬ್ಬರ ಜೇಬೂ ಹಗುರವಾಯಿತು, ಪಟ್ಟಿ ಇಟ್ಟವನದು ಭಾರವಾಯಿತು. ಮರುತಿಂಗಳು ಇನ್ನೂ ಹೆಚ್ಚು ಕಟ್ಟಬೇಕು. ವ್ಯಾಪಾರ ಇಳಿಯುತ್ತಿರುವಾಗಲೂ ಕಡಿತ ಏರುತ್ತಿರುವುದರ ಗುಟ್ಟು ಇದೇ.

ಉಪನಗರದಲ್ಲಿ ಚಿಕ್ಕ ಹೋಟೆಲು ನಡೆಸುವ ಧನಿಯೊಬ್ಬರನ್ನು ಸಂಬಳದ ಮಾತಿಗಾಗಿ ಕಂಡಾಗ ಅವರು ಹೇಳಿದ್ದು ಹೀಗೆ: “ಎಂತ ಮಾಡುವುದು ಮಾರಾಯ್ರೇ, ಜಾಹೀರಾತು ನಿಲ್ಲಿಸಿದ ವಾರವೇ ಆರ್ಡರು ಅರ್ಧಕ್ಕೆ ಇಳಿಯಿತು. ಪುನಃ ಹಾಕಿದೆ. ಆರ್ಡರು ಮೊದಲಿನಷ್ಟು ಬರಲೇ ಇಲ್ಲ, ಕಡಿತ ಮಾತ್ರ ಜಾಸ್ತಿಯಾಯಿತು. ಕೇಳುವ ಎಂದರೆ ಮನುಷ್ಯರೇ ಸಿಗುವುದಿಲ್ಲ, ಫೋನಿನಲ್ಲಿ ಯಂತ್ರ ಮಾತಾಡುತ್ತದೆ.” ನಾನೆಂದೆ: “ಧನಿಗಳೇ, ಹೇಳದೆ ಕೇಳದೆ ಸಂಬಳ ಕಡಿದರೆ ಹೇಗಿರುತ್ತದೆಂದು ಈಗ ನಿಮಗೂ ತಿಳಿಯಿತಲ್ಲ.” ಅವರು ನಗಲಿಲ್ಲ. ಆದರೆ ಚಹಾ ತರಿಸಿದರು.

ಇದು ಬರಿಯ ಹೋಟೆಲಿನ ಕಥೆಯಲ್ಲ

ಅಮೆರಿಕದಲ್ಲಿ ಎಟ್ಸಿ ಎಂಬ ಮಾರುಕಟ್ಟೆಯಿದೆ. ಕೈಯಿಂದ ಮಾಡಿದ ಬಟ್ಟೆ, ಮಣಿಸರ, ಮಡಕೆ ಮಾರುವವರಿಗೆಂದು 2005ರಲ್ಲಿ ಹುಟ್ಟಿದ್ದು. ಮಾರಾಟದ ಮೇಲೆ ಅದು ಶೇಕಡಾ 3.5 ಹಿಡಿಯುತ್ತಿತ್ತು. 2018ರಲ್ಲಿ ಶೇಕಡಾ 5 ಮಾಡಿತು. 2022ರ ಏಪ್ರಿಲಿನಲ್ಲಿ ಶೇಕಡಾ 6.5 ಮಾಡಿತು. ಇದಲ್ಲದೆ ಹಣ ಪಾವತಿಯ ಖರ್ಚು ಬೇರೆ, ಜಾಹೀರಾತಿನ ಪಾಲು ಬೇರೆ. ಅದರ ಒಡೆತನದ ಮಳಿಗೆಗಳೆಲ್ಲ ಸೇರಿ 2021ರಲ್ಲಿ ಆದ ಒಟ್ಟು ಮಾರಾಟ ಸುಮಾರು 1,350 ಕೋಟಿ ಡಾಲರು. ಕಂಪೆನಿಗೆ ಬಂದ ವರಮಾನ ಸುಮಾರು 233 ಕೋಟಿ. 2024ರಲ್ಲಿ ಮಾರಾಟ ಸುಮಾರು 1,260 ಕೋಟಿಗೆ ಇಳಿಯಿತು. ಕಂಪೆನಿಯ ವರಮಾನ ಸುಮಾರು 281 ಕೋಟಿಗೆ ಏರಿತು! ನಡುವೆ ಒಂದು ಮಳಿಗೆಯನ್ನು ಅದು ಮಾರಿತ್ತು ನಿಜ. ಆದರೆ ಎಟ್ಸಿಯೊಂದರದೇ ಮಾರಾಟ ತೆಗೆದುಕೊಂಡರೂ ಇಳಿದದ್ದೇ. ನೂರು ಡಾಲರಿನ ಮಾರಾಟಕ್ಕೆ 17 ಡಾಲರು ತೆಗೆಯುತ್ತಿದ್ದವರು ಮೂರೇ ವರ್ಷದಲ್ಲಿ 22 ಡಾಲರು ತೆಗೆಯತೊಡಗಿದರು. ಮಾರುವವನಿಗೆ ಬರಗಾಲ, ಮಾರುಕಟ್ಟೆಯ ಯಜಮಾನನಿಗೆ ಸುಗ್ಗಿ.

ಅಮೆಜಾನಿನ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಶನ್ 17 ರಾಜ್ಯಗಳೊಡನೆ ಸೇರಿ 2023ರ ಸೆಪ್ಟೆಂಬರಿನಲ್ಲಿ ದಾವೆ ಹೂಡಿದಾಗ ಮಾಡಿದ ಆರೋಪವೇನು? ಎಲ್ಲ ಬಗೆಯ ಫೀಗಳನ್ನು ಕೂಡಿಸಿದರೆ ಅನೇಕ ಮಾರಾಟಗಾರರ ಒಟ್ಟು ವಸೂಲಿಯಲ್ಲಿ ಹೆಚ್ಚುಕಡಿಮೆ ಅರ್ಧ ಕಂಪೆನಿಗೇ ಹೋಗುತ್ತದೆ ಎಂದು. ಬಟ್ಟೆಯಾಗಲಿ ಬಿಸಿ ತಿಂಡಿಯಾಗಲಿ, ಲೆಕ್ಕ ಒಂದೇ. ನಮ್ಮ ಚಾಳುಗಳಲ್ಲಿ ಹಪ್ಪಳ, ಮಸಾಲೆ ಪುಡಿ ಮಾಡಿ ಇಂತಹ ಆ್ಯಪುಗಳಲ್ಲಿ ಮಾರಲು ಹೊರಟಿರುವ ಹೆಂಗಸರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ನಮ್ಮ ದೇಶದಲ್ಲಿಯೂ ದೂರು ಹೋಗದೆ ಇಲ್ಲ. ರೆಸ್ಟೋರೆಂಟುಗಳ ರಾಷ್ಟ್ರೀಯ ಸಂಘ 2021ರಲ್ಲಿ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. ಕಮಿಶನ್ನು ವಿಪರೀತ, ಗಿರಾಕಿಯ ಗುರುತನ್ನು ನಮ್ಮಿಂದ ಮುಚ್ಚಿಡುತ್ತಾರೆ, ಪಟ್ಟಿಯಲ್ಲಿ ಪಕ್ಷಪಾತ ಮಾಡುತ್ತಾರೆ ಎಂಬುದು ದೂರಿನಲ್ಲಿದ್ದ ಮಾತುಗಳು. 2022ರ ಏಪ್ರಿಲಿನಲ್ಲಿ ಆಯೋಗ ಜೊಮಾಟೊ ಮತ್ತು ಸ್ವಿಗ್ಗಿಯ ಮೇಲೆ ತನಿಖೆಗೆ ಆಜ್ಞೆ ಮಾಡಿತು. ಪ್ರಕರಣ ತನ್ನ ನಡಿಗೆಯಲ್ಲಿ ನಡೆಯುತ್ತಿದ್ದಾಗ ಕಂಪೆನಿಗಳು ತಮ್ಮದೇ ತಿಂಡಿಯನ್ನೂ ಮಾರತೊಡಗಿದವು: 2024ರ ಡಿಸೆಂಬರಿನಲ್ಲಿ ಜೊಮಾಟೊ ಬಳಗದ ಬ್ಲಿಂಕಿಟ್ “ಬಿಸ್ಟ್ರೊ” ಎಂದು, 2025ರ ಜನವರಿಯಲ್ಲಿ ಸ್ವಿಗ್ಗಿ “ಸ್ನ್ಯಾಕ್” ಎಂದು. ಸಂತೆಯ ಯಜಮಾನನೇ ಸಂತೆಯಲ್ಲಿ ಅಂಗಡಿ ಹೂಡಿದರೆ ಒಳ್ಳೆಯ ಜಾಗ ಯಾರಿಗೆ ಸಿಗುತ್ತದೆಂದು ಹೇಳಬೇಕೇ?

ಮೂರು ಮಾತು, ಮೂರು ಉತ್ತರ

“ಬಲವಂತವೇನೂ ಇಲ್ಲವಲ್ಲ, ಬೇಡವಾದರೆ ಆ್ಯಪು ಬಿಟ್ಟುಬಿಡಲಿ” ಎನ್ನುವವರಿದ್ದಾರೆ. ಗಿರಣಿಯ ಮಾಲಿಕರೂ ಹೀಗೆಯೇ ಹೇಳುತ್ತಿದ್ದರು: ಒಪ್ಪಿಗೆಯಿಲ್ಲದವನು ಊರಿಗೆ ಹೋಗಲಿ ಎಂದು. ಊರಿನಲ್ಲಿ ಅನ್ನವಿದ್ದಿದ್ದರೆ ಬೊಂಬಾಯಿಗೆ ಯಾರು ಬರುತ್ತಿದ್ದರು? 2020ರ ಜನವರಿಯಲ್ಲಿ ಉಬರ್ ಈಟ್ಸಿನ ಭಾರತದ ವ್ಯಾಪಾರವನ್ನು ಜೊಮಾಟೊ ಕೊಂಡುಕೊಂಡಮೇಲೆ ಈ ಪೇಟೆಯಲ್ಲಿ ದೊಡ್ಡವರು ಇಬ್ಬರೇ ಉಳಿದರು. ಗಿರಾಕಿಗೆ ಮೊದಲು ರಿಯಾಯಿತಿಯ ಬೆಲ್ಲ ತಿನ್ನಿಸಿ ಮನೆಯಲ್ಲಿ ಕುಳಿತು ತರಿಸುವ ಅಭ್ಯಾಸ ಮಾಡಿಸಿದರು. ಆತನ ಹೆಸರು ವಿಳಾಸವನ್ನು ತಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಂಡರು. ಆಮೇಲೆ ಹೋಟೆಲಿನವನಿಗೆ “ಬೇಡವಾದರೆ ಬಿಡು” ಎಂದರು. ಬಾವಿಗೆ ಬೀಗ ಹಾಕಿ ನೀರು ಬೇಡವಾದರೆ ಬಿಡು ಎಂದ ಹಾಗೆ.

“ಅವರು ಗಿರಾಕಿಯನ್ನು ಹುಡುಕಿಕೊಡುತ್ತಾರೆ, ಯಂತ್ರ ನಡೆಸಲು ಖರ್ಚಿಲ್ಲವೇ?” ಎಂಬುದು ಎರಡನೆಯ ಮಾತು. ಇದೆ, ಒಪ್ಪೋಣ. ಕೆಲಸಕ್ಕೆ ತಕ್ಕ ಕೂಲಿ ಕೊಡಬಾರದೆಂದು ಕಾರ್ಮಿಕ ಸಂಘ ಹೇಳುವುದುಂಟೇ? ಆದರೆ ಕೂಲಿ ಬೇರೆ, ದಸ್ತೂರಿ ಬೇರೆ. ಬೆಂಗಳೂರಿನಲ್ಲಿ ಆಟೋ ಚಾಲಕರ ಸಂಘದ ಬೆಂಬಲದೊಡನೆ 2022ರಲ್ಲಿ “ನಮ್ಮ ಯಾತ್ರಿ” ಎಂಬ ಆ್ಯಪು ಬಂತು. ಬಾಡಿಗೆಯಲ್ಲಿ ಕಮಿಶನ್ನು ಇಲ್ಲ. 2023ರಲ್ಲಿ ಚಾಲಕರಿಗೆ ದಿನಕ್ಕೆ 25 ರೂಪಾಯಿಯ ಒಂದು ಗೊತ್ತಾದ ದರ ಇಟ್ಟರು. ನೂರು ದುಡಿದರೂ ಅಷ್ಟೇ, ಸಾವಿರ ದುಡಿದರೂ ಅಷ್ಟೇ. ಅಲ್ಲಿಯೂ ಯಂತ್ರವಿದೆ, ಮೊಬೈಲಿದೆ, ನಕ್ಷೆಯಿದೆ. ಯಂತ್ರಕ್ಕೆ ನೂರರಲ್ಲಿ ಮೂವತ್ತು ಬೇಕೆಂದು ಯಂತ್ರ ಕೇಳುವುದಿಲ್ಲ. ಅದರ ಹಿಂದೆ ಕುಳಿತವನು ಕೇಳುತ್ತಾನೆ.

ಮೂರನೆಯ ಮಾತು ನಮ್ಮವರದೇ. “ಇದು ಧನಿಗಳ ಜಗಳ, ನಮಗೇನು? ನಮ್ಮನ್ನು ಹಿಂಡಿದವರನ್ನು ಇನ್ನೊಬ್ಬ ಹಿಂಡಲಿ.” ಈ ಸಿಟ್ಟು ನನಗೆ ಅರ್ಥವಾಗುತ್ತದೆ. ಹದಿನಾಲ್ಕು ತಾಸು ದುಡಿಸಿಕೊಂಡು ಹಿಟ್ಟಿನ ಚೀಲದ ಮೇಲೆ ಮಲಗಿಸಿದವರ ಮೇಲೆ ಕನಿಕರ ಎಲ್ಲಿಂದ ಬರಬೇಕು? ನಾನು ಕನಿಕರ ಕೇಳುತ್ತಿಲ್ಲ, ಲೆಕ್ಕ ಕೇಳುತ್ತಿದ್ದೇನೆ. ಧನಿಯ ಜೇಬಿನಿಂದ ಹೋದ 29 ರೂಪಾಯಿ 50 ಪೈಸೆಯನ್ನು ಅವನು ಎಲ್ಲಿಂದ ತುಂಬಿಕೊಳ್ಳುತ್ತಾನೆ? ಬಾಡಿಗೆ ಕಡಿಮೆಯಾಗುವುದಿಲ್ಲ. ಎಣ್ಣೆಯವನು ಬಿಡುವುದಿಲ್ಲ. ಲೈಟಿನ ಬಿಲ್ಲಿಗೆ ಚೌಕಾಸಿಯಿಲ್ಲ. ಉಳಿದವರು ನಾವು. ನಾಲ್ಕು ಜನ ಮಾಡುವ ಕೆಲಸಕ್ಕೆ ಮೂವರು. ಮೇಜಿನ ಸರ್ವಿಸು ಮುಗಿದಮೇಲೆ ರಾತ್ರಿ ಹನ್ನೆರಡರವರೆಗೆ ಪಾರ್ಸೆಲು ಕಟ್ಟುವ ಕೆಲಸ, ಅದಕ್ಕೆ ಓವರ್‌ಟೈಮಿಲ್ಲ. ಗಿರಾಕಿ ಮೇಜಿಗೆ ಬಾರದಿದ್ದರೆ ವೇಟರನಿಗೆ ಟಿಪ್ಸು ಇಲ್ಲ. ಮೇಜೇ ಇಲ್ಲದ, ಬಾಗಿಲು ಮುಚ್ಚಿದ ಅಡಿಗೆಮನೆಗಳು ಎದ್ದಿವೆ. ಅಲ್ಲಿ ವೇಟರೇ ಬೇಕಿಲ್ಲ. ಹೀಗೆ ಆ್ಯಪಿನ ಕಮಿಶನ್ನು ಧನಿಯ ಹೆಸರಿನಲ್ಲಿ ಬರೆದಿದ್ದರೂ ನಮ್ಮ ಬೆವರಿನಿಂದ ವಸೂಲಾಗುತ್ತಿದೆ.

ಆದರೆ ಧನಿಗಳೂ ಒಂದು ಮಾತು ಕೇಳಿಕೊಳ್ಳಲಿ. ಆ್ಯಪಿನ ನೆಪ ಹೇಳಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವುದನ್ನು ನಾವು ಒಪ್ಪುವುದಿಲ್ಲ. ಮೇಲಿನವನು ತಮ್ಮನ್ನು ಹಿಂಡಿದ್ದಕ್ಕೆ ಕೆಳಗಿನವನನ್ನು ಹಿಂಡುವುದು ವ್ಯಾಪಾರವಲ್ಲ, ಹೇಡಿತನ. ತಮಗಾದ ಅನ್ಯಾಯದ ವಿರುದ್ಧ ನಾವು ತಮ್ಮ ಜೊತೆಗೆ ನಿಲ್ಲಬೇಕಾದರೆ ನಮಗಾದ ಅನ್ಯಾಯ ಮೊದಲು ನಿಲ್ಲಬೇಕು.

ಹಾಗಾದರೆ ದಾರಿ ಯಾವುದು?

ಜಾಬರನ ಸೊಕ್ಕು ಹೇಗೆ ಮುರಿಯಿತೆಂಬುದನ್ನು ನೆನೆಯಿರಿ. ಅವನಿಗೆ ಒಬ್ಬೊಬ್ಬನೇ ಕೈಮುಗಿದುದರಿಂದ ಮುರಿಯಲಿಲ್ಲ. 1928ರಲ್ಲಿ, 1934ರಲ್ಲಿ ಗಿರಣಿ ಕಾಮಗಾರರು ದೊಡ್ಡ ಮುಷ್ಕರಗಳನ್ನು ಹೂಡಿದರು. 1935ರಲ್ಲಿ ಬೊಂಬಾಯಿಯ ಗಿರಣಿಗಳಲ್ಲಿ ಬದಲಿಯವರಿಗೆ ಕಾರ್ಡು ಕೊಟ್ಟು, ಕಾರ್ಡಿದ್ದವರಿಗೇ ಕೆಲಸವೆಂಬ ನಿಯಮ ಬಂತು. ಜಾಬರು ಒಂದೇ ದಿನದಲ್ಲಿ ಮಾಯವಾಗಲಿಲ್ಲ. ಆದರೆ ಪಟ್ಟಿ ಅವನ ಜೇಬಿನಿಂದ ಹೊರಗೆ ಬಂತು. ನಮಗೂ ಬೇಕಾದುದು ಅದೇ: ಪಟ್ಟಿ ಜೇಬಿನಿಂದ ಹೊರಗೆ ಬರಬೇಕು.

ಬಿಡಿಯಾಗಿ ಬಾಗಿಲು ಹಾಕಿದರೆ ಸಾಲದು. 2022ರ ಏಪ್ರಿಲಿನಲ್ಲಿ ಎಟ್ಸಿಯ ಸಾವಿರಾರು ಮಾರಾಟಗಾರರು ಒಂದು ವಾರ ತಮ್ಮ ಅಂಗಡಿಗಳನ್ನು ಮುಚ್ಚಿ ಮುಷ್ಕರ ಹೂಡಿದರು. ಲೋಕಕ್ಕೆಲ್ಲ ಸುದ್ದಿಯಾಯಿತು. ಕಂಪೆನಿ ಫೀ ಇಳಿಸಲಿಲ್ಲ. ಒಂದು ವಾರ ಕಾದು ಕುಳಿತರೆ ಸಾಕೆಂದು ಅದಕ್ಕೆ ಗೊತ್ತಿತ್ತು. ಆ ಮುಷ್ಕರದಿಂದ ಮಾರಾಟಗಾರರ ಒಂದು ಖಾಯಂ ಸಂಘ ಹುಟ್ಟಿತು. ಅದೇ ನಿಜವಾದ ಗಳಿಕೆ. ನಮ್ಮಲ್ಲಿ 2019ರ ಆಗಸ್ಟಿನಲ್ಲಿ ನೂರಾರು ರೆಸ್ಟೋರೆಂಟುಗಳು ಜೊಮಾಟೊದ “ಗೋಲ್ಡ್” ರಿಯಾಯಿತಿಯಿಂದ ಒಟ್ಟಾಗಿ ಹೊರಬಂದಾಗ ಕಂಪೆನಿ ಅದರ ನಿಯಮಗಳನ್ನು ಬದಲಾಯಿಸಬೇಕಾಯಿತು. ಒಗ್ಗಟ್ಟು ಇದ್ದಲ್ಲಿ ಅಷ್ಟಾದರೂ ಆಯಿತು. ಆದರೆ ಅಂತಹ ಸಂಘಗಳಲ್ಲಿ ಎಂಟು ಮೇಜಿನವನ ಧ್ವನಿ ಎಷ್ಟು? ಖಾನಾವಳಿಯ ಅಕ್ಕನ ಧ್ವನಿ ಎಷ್ಟು? ಕಾರ್ಮಿಕನಿಗಂತೂ ಕುರ್ಚಿಯೇ ಇಲ್ಲ.

ನಮ್ಮ ಕೈಯಿಂದ ಆಗದೆಂದು ಯಾರೂ ಹೇಳಬೇಡಿ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಬೀದಿಗೆ ಹಾಕಿದಾಗ ಎ. ಕೆ. ಗೋಪಾಲನ್ ಮೊದಲಾದ ಮುಂದಾಳುಗಳ ಬೆಂಬಲದಿಂದ ಅದೇ ನೌಕರರು ಸಹಕಾರ ಸಂಘ ಕಟ್ಟಿದರು. ಮೊದಲ ಸಂಘ ಹುಟ್ಟಿದ್ದು 1957ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಕಪ್ಪು ತೊಳೆಯುತ್ತಿದ್ದವರೇ ಇಂಡಿಯನ್ ಕಾಫಿ ಹೌಸುಗಳ ಒಡೆಯರಾದರು. ಇದೇ ಬೊಂಬಾಯಿಯಲ್ಲಿ ಗಿರಣಿ ಕಾಮಗಾರರಿಗೆ ಅಡಿಗೆ ಮಾಡಿ ಹಾಕುತ್ತಿದ್ದ ಖಾನಾವಳಿಯ ಹೆಂಗಸರು ಸಾಹುಕಾರನ ಬಡ್ಡಿಯಲ್ಲಿ ಮುಳುಗಿದ್ದರು. 1975ರಲ್ಲಿ ಪ್ರೇಮಾ ಪುರವ್ ಅವರನ್ನು ಅನ್ನಪೂರ್ಣಾ ಮಹಿಳಾ ಮಂಡಲದಲ್ಲಿ ಒಟ್ಟುಗೂಡಿಸಿ ಬ್ಯಾಂಕಿನ ಸಾಲ ಕೊಡಿಸಿದರು. ಬಡ್ಡಿಯವನ ಬಾಗಿಲು ಅವರಿಗೆ ಬೇಕಾಗಲಿಲ್ಲ.

ಕಾಯಿದೆಗೂ ಕೈ ಎಟಕುತ್ತದೆ. ಕೊರೋನಾದ ಕಾಲದಲ್ಲಿ, 2020ರಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊ ನಗರ ತಿಂಡಿ ಮುಟ್ಟಿಸುವ ಕಂಪೆನಿಗಳು ಹೋಟೆಲಿನಿಂದ ಶೇಕಡಾ 15ಕ್ಕಿಂತ ಹೆಚ್ಚು ಹಿಡಿಯಬಾರದೆಂದು ಕಟ್ಟು ಹಾಕಿತು. ನ್ಯೂಯಾರ್ಕೂ ಅದೇ ವರ್ಷ ಮಿತಿ ಹಾಕಿತು. ಕಂಪೆನಿಗಳು ಕೋರ್ಟಿಗೆ ಹೋದವು, ಮುಂದೆ ಕಟ್ಟು ಸಡಿಲವೂ ಆಯಿತು. ಹಿಡಿದದ್ದನ್ನು ಬಿಡದೆ ಕಾಯಬೇಕೆಂಬ ಪಾಠ ಅದರಲ್ಲಿದೆ. ಕರ್ನಾಟಕ ಸರಕಾರ 2025ರಲ್ಲಿ ಗಿಗ್ ಕಾರ್ಮಿಕರ ಕಾಯಿದೆ ಮಾಡಿ, ಅವರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪೆನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕೆಂದು ವಿಧಿಸಿತು. ಆ್ಯಪಿನ ಒಳಗೆ ಸರಕಾರ ಕೈಹಾಕಲಾರದು ಎಂಬ ಮಾತು ಅಲ್ಲಿಗೆ ಸುಳ್ಳಾಯಿತು.

ಆದುದರಿಂದ ನಮ್ಮ ಬೇಡಿಕೆಗಳು ಇವು. ಒಂದು: ಕಮಿಶನ್ನು, ಜಾಹೀರಾತು, ರಿಯಾಯಿತಿ ಎಂದು ಹತ್ತು ಹೆಸರಿನ ಕಡಿತ ಬೇಡ, ಎಲ್ಲವನ್ನೂ ಕೂಡಿಸಿ ಕಾಯಿದೆಯಿಂದ ಒಂದು ಮಿತಿ ಬೇಕು, ಚಿಕ್ಕ ಹೋಟೆಲಿಗೂ ದೊಡ್ಡದಕ್ಕೂ ಒಂದೇ ದರ ಬೇಕು. ಎರಡು: ಪಟ್ಟಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬ ನಿಯಮ ಬಹಿರಂಗವಾಗಿರಬೇಕು, ದರ ಏರಿಸುವ ಮುನ್ನ ಮೂರು ತಿಂಗಳ ಸೂಚನೆ ಬೇಕು. ಮೂರು: ಸಂಬಳದ ಮಾತುಕತೆಗೆ ಕುಳಿತಾಗ ಧನಿಗಳು ಆ್ಯಪಿನ ಕಡಿತದ ಚೀಟಿಯನ್ನು ಮೇಜಿನ ಮೇಲೆ ಇಡಬೇಕು. ಬಾಯಿಮಾತಿನ ನಷ್ಟ ನಮಗೆ ಬೇಡ. ನಾಲ್ಕು: ಒಂದೊಂದು ಉಪನಗರದ ಚಿಕ್ಕ ಹೋಟೆಲು, ಖಾನಾವಳಿಗಳು ಸೇರಿ ತಮ್ಮದೇ ಫೋನು, ತಮ್ಮದೇ ಹುಡುಗರನ್ನು ಇಟ್ಟುಕೊಂಡು ಹತ್ತಿರದ ಮನೆಗಳಿಗೆ ತಿಂಡಿ ಮುಟ್ಟಿಸುವ ಸಹಕಾರ ಸಂಘ ಕಟ್ಟಲಿ. ಅದರಲ್ಲಿ ದುಡಿಯುವವರಿಗೂ ಮತವಿರಲಿ. ಬೈಕಿನ ಹುಡುಗರೂ ನಮ್ಮವರೇ. ನಿನ್ನೆಯವರೆಗೆ ನಮ್ಮ ಪಕ್ಕದಲ್ಲಿ ಮೇಜು ಒರೆಸುತ್ತಿದ್ದವರು ಅವರಲ್ಲಿ ಎಷ್ಟು ಮಂದಿ!

ಬಂಧುಗಳೇ, ಮುಂದಿನ ಸಲ ಧನಿಗಳ ಮುಂದೆ ನಿಲ್ಲುವಾಗ ಬರಿಗೈಯಲ್ಲಿ ಹೋಗಬೇಡಿ. ಒಂದು ಕಾಗದ, ಒಂದು ಪೆನ್ಸಿಲು ಹಿಡಿದುಕೊಂಡು ಹೋಗಿ. ನೂರು ರೂಪಾಯಿಯಲ್ಲಿ ಯಾರಿಗೆಷ್ಟು ಎಂದು ಬರೆಯಿಸಿ. ಬರೆದ ಕಾಗದವನ್ನು ಸಂಘದ ಕಚೇರಿಗೆ ತಂದುಕೊಡಿ. ನೂರು ಹೋಟೆಲಿನ ನೂರು ಕಾಗದ ಸೇರಿದರೆ ಮಂತ್ರಿಯ ಮೇಜಿನ ಮೇಲೆ ಇಡಲು ನಮ್ಮಲ್ಲಿಯೂ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ದೋಸೆ ಹೊಯ್ದವನ ಹೆಸರು ಮೊದಲು ಬರಬೇಕು.